ರೊಕ್ಕ ಕೊಟ್ಟು ನಡುಗಡ್ಡೆಗೆ

ನಮ್ಮ ಭಾಗದಲ್ಲಿ ನಡುಗಡ್ಡೆ ಎಂಬ ಮಾತು ಕಿವಿಗೆ ಇಂಪಾದುದಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಹೊಳೆಯ ದಂಡೆಯ ಹಳ್ಳಿಯವರನ್ನು ಯಾರನ್ನೇ ಕೇಳಿರಿ. ನಡುಗಡ್ಡೆ ಎಂದೊಡನೆ ಅವರಿಗೆ ನೆನಪಾಗುವುದು ಮಹಾಪೂರ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಒಮ್ಮೆಲೇ ಉಕ್ಕಿ ಬಂದಾಗ ನಮ್ಮ ತೋಟದ ಮನೆಯನ್ನು ನಾಲ್ಕೂ ಕಡೆಯಿಂದ ನೀರು ಸುತ್ತಿಕೊಂಡಿತ್ತು. ನಮ್ಮ ಆಯಿ ಎರಡು ಎಮ್ಮೆಗಳೊಡನೆ ಒಂದು ರಾತ್ರಿ, ಒಂದು ಹಗಲು ಅಲ್ಲಿಯೇ ಸಿಕ್ಕಿಬಿದ್ದಿದ್ದಳು. ದೋಣಿ ಬಂದ ಮೇಲೂ ಎಮ್ಮೆ ಬಿಟ್ಟು ಬರಲೊಲ್ಲೆನೆಂದು ಹಟ ಹಿಡಿದಳಂತೆ. ಕಡೆಗೆ ಅವುಗಳ ಹಗ್ಗ ಬಿಚ್ಚಿಬಿಟ್ಟು ತಾನು ದೋಣಿ ಹತ್ತಿದಳು. ಒಂದು ಎಮ್ಮೆ ತಾನೇ ಈಜಿ ದಂಡೆ ಸೇರಿತು, ಇನ್ನೊಂದು ಸೇರಲಿಲ್ಲ.

ಇಂಥ ಆಯಿಗೆ, ಹೋದ ಡಿಸೆಂಬರ ರಜೆಯಲ್ಲಿ ನಾನು ಗೆಳೆಯರ ಸಂಗಡ ಮಲ್ಪೆಯ ಸಮುದ್ರದೊಳಗಿನ ದ್ವೀಪವನ್ನು ನೋಡಲು ಹೋಗುವೆನೆಂದು ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ನೀರ ಬಂದಾಗ ನಡಗಡ್ಡಿಂದ ಹೊರಗ ಬರಾಕ ನಾವು ಜೀವಾ ಕೈಯಾಗ ಹಿಡದ ಕುಂತಿದ್ವಿ. ನೀ ರೊಕ್ಕಾ ಕೊಟ್ಟು ನಡಗಡ್ಡಿಗೆ ಹೊಂಟೀಯೇನೋ ಖೋಡಿ?” ಎಂದಳು.

ಆಗ ನನ್ನಲ್ಲಿ ಉತ್ತರವಿರಲಿಲ್ಲ. ಹೋಗಿ ಬಂದು, ಒಂದೆರಡು ತಿಂಗಳು ಗ್ರಂಥಾಲಯದಲ್ಲಿ ಕುಳಿತ ಮೇಲೆ ಅರ್ಧ ಉತ್ತರ ಸಿಕ್ಕಿದೆ. ಆ ಅರ್ಧವನ್ನು ವಾಚಕರ ಮುಂದಿಡುತ್ತಿದ್ದೇನೆ.

ನಾವು ಒಂಬತ್ತು ಜನ ವಿದ್ಯಾರ್ಥಿಗಳು. ಸಂಗಡ ನಮ್ಮ ಇತಿಹಾಸದ ಗುರುಗಳು. ಚಿಕ್ಕೋಡಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ರಾತ್ರಿಯ ಬಸ್ಸಿನಲ್ಲಿ ಉಡುಪಿ. ಆ ಪ್ರಯಾಣವನ್ನು ವರ್ಣಿಸಿ ನಿಮ್ಮನ್ನು ದಣಿಸುವುದಿಲ್ಲ. ಉಡುಪಿಯಲ್ಲಿ ದೇವರ ದರ್ಶನ ಮಾಡಿಕೊಂಡು ಮಲ್ಪೆಯ ಬಂದರಿಗೆ ಬಂದೆವು. ಮೀನಿನ ವಾಸನೆಗೆ ನಮ್ಮಲ್ಲಿ ಮೂವರು ಮೂಗಿಗೆ ವಸ್ತ್ರ ಕಟ್ಟಿಕೊಂಡರು. ಅದನ್ನು ಕಂಡು ಬುಟ್ಟಿ ಹೊತ್ತ ಹೆಂಗಸರು ತುಳುವಿನಲ್ಲಿ ಏನೋ ಅಂದು ನಕ್ಕರು. ನಮಗೆ ಅರ್ಥವಾಗದಿದ್ದುದೇ ಒಳ್ಳೆಯದಾಯಿತೆಂದು ಕಾಣುತ್ತದೆ.

ಬಂದರಿನಿಂದ ದೋಣಿಯಲ್ಲಿ ಸುಮಾರು ಆರು ಕಿಲೋಮೀಟರು ಹೋದರೆ ಸೇಂಟ್ ಮೇರಿ ದ್ವೀಪಗಳು. ದ್ವೀಪಗಳು ಎಂದೆನಷ್ಟೆ, ಅವು ಒಂದಲ್ಲ. ದೊಡ್ಡವೇ ನಾಲ್ಕಿವೆ: ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ, ದರಿಯಾ ಬಹಾದ್ದೂರ್‌ಗಡ. ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪದಲ್ಲಿ. ಉದ್ದ ಅರ್ಧ ಕಿಲೋಮೀಟರು, ಅಗಲ ನೂರು ಮೀಟರು; ನಮ್ಮೂರಿನ ಒಂದು ಸಾಧಾರಣ ಕಬ್ಬಿನ ತೋಟದಷ್ಟು. ಸಮುದ್ರದ ಮಟ್ಟದಿಂದ ಅದರ ಎತ್ತರ ಹತ್ತು ಮೀಟರಿನ ಆಸುಪಾಸು. ಮರಳಿಗಿಂತ ಚಿಪ್ಪುಗಳೇ ಹೆಚ್ಚಾಗಿರುವ ದಂಡೆ, ಗಾಳಿಗೆ ಬಾಗಿದ ತೆಂಗಿನ ಮರಗಳು, ಮತ್ತು ಕಲ್ಲು.

ಈ ಕಲ್ಲಿಗಾಗಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ನೋಡಿದವರಿಗೆ ಮೊದಲು ಅದು ಮನುಷ್ಯರ ಕೈಕೆಲಸವೆಂದೇ ಅನಿಸುತ್ತದೆ. ಒಂದು ಗೇಣಿನಷ್ಟು ದಪ್ಪದ ಕಂಬಗಳನ್ನು ಯಾರೋ ಐದು ಮೂಲೆ, ಆರು ಮೂಲೆಯಾಗಿ ಕೆತ್ತಿ, ಸಾಲಾಗಿ ಒಂದಕ್ಕೊಂದು ಒತ್ತಿ ನಿಲ್ಲಿಸಿದಂತಿದೆ. ಕೆಲವು ಆರು ಮೀಟರಿನಷ್ಟು ಎತ್ತರ. ಕೆಲವು ಮುರಿದು ಮೆಟ್ಟಿಲಿನಂತಾಗಿವೆ. ಬಣ್ಣ ಬೂದಿ ಬೆರೆತ ಕಪ್ಪು.

ನಿಪ್ಪಾಣಿಯ ನನ್ನ ಗೆಳೆಯ ಕೈಯಿಂದ ಅದನ್ನು ತಟ್ಟಿ, “ಇದು ನಮ್ಮ ಕಡೀ ಕಲ್ಲೇ ಐತಿ. ಇದನ್ನ ನೋಡಾಕ ಇಷ್ಟ ದೂರ ಬರೂದು ಯಾಕ ಬೇಕಿತ್ತು?” ಎಂದ. ನಾನೂ ಹೌದೆಂದೆ. ನಮ್ಮ ಭಾಗದ ಗುಡ್ಡಗಳೆಲ್ಲ ಜ್ವಾಲಾಮುಖಿಯ ಕಲ್ಲು, ಇದೂ ಜ್ವಾಲಾಮುಖಿಯ ಕಲ್ಲು. ಅದು ಕರಿದು, ಇದೂ ಕರಿದು. ಆದ್ದರಿಂದ ಎರಡೂ ಒಂದೇ. ತರ್ಕಶಾಸ್ತ್ರದ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತಿದ್ದೇನೆಂಬುದು ಇದರಿಂದ ತಿಳಿಯುತ್ತದೆ. ಗುರುಗಳು ಮಾತ್ರ “ಇಲ್ಲೇ ತೀರ್ಪು ಕೊಡಬ್ಯಾಡ್ರಿ, ಊರಿಗೆ ಹೋಗಿ ಓದಿ ನೋಡ್ರಿ” ಎಂದರು.

ಓದಿ ನೋಡಿದೆ. ನಮ್ಮ ತೀರ್ಪು ತಪ್ಪಾಗಿತ್ತು.

ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಕೆಳಗೆ ಹಾಸಿರುವುದು ದಕ್ಖನಿನ ಬಸಾಲ್ಟ್ ಶಿಲೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು, ಲಾವಾರಸವು ಪದರದ ಮೇಲೆ ಪದರವಾಗಿ ಹರಿದು ಹೆಪ್ಪುಗಟ್ಟಿದ ಕಲ್ಲು ಅದು. ನಮ್ಮ ಎರೆಮಣ್ಣು ಆ ಕಲ್ಲು ಕರಗಿ ಆದದ್ದು. ಮಲ್ಪೆಯ ಕಲ್ಲು ಇದಕ್ಕಿಂತ ಎರಡು ಕೋಟಿ ವರ್ಷಗಳಷ್ಟು ಹಿರಿಯದು. ಅದರ ವಯಸ್ಸು 8 ಕೋಟಿ 50 ಲಕ್ಷದಿಂದ 9 ಕೋಟಿ ವರ್ಷಗಳ ಸುಮಾರಿಗೆ ಬರುತ್ತದೆ. ಜಾತಿಯೂ ಬೇರೆ. ಅದರಲ್ಲಿ ಸಿಲಿಕಾ ಅಂಶ ಹೆಚ್ಚು. ಅದಕ್ಕೆ ರಯೋಡೇಸೈಟ್ ಎನ್ನುತ್ತಾರೆ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅಷ್ಟೇ ವಯಸ್ಸಿನ ಜ್ವಾಲಾಮುಖಿಯ ಕಲ್ಲುಗಳು ಇರುವುದು ಆಫ್ರಿಕದ ಬಳಿಯ ಮಡಗಾಸ್ಕರ್ ದ್ವೀಪದಲ್ಲಿ. ಆ ಕಾಲಕ್ಕೆ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಅವೆರಡೂ ಸೀಳಿ ಬೇರೆಯಾಗುವಾಗ ಎದ್ದ ಬೆಂಕಿಯ ಗುರುತೇ ಮಲ್ಪೆಯ ಈ ಕಂಬಗಳು. ಅಣ್ಣತಮ್ಮಂದಿರು ಪಾಲಾಗುವಾಗ ಹೊಲದ ನಡುವೆ ನೆಡುವ ಬಾಂದುಗಲ್ಲನ್ನು ನಾವೆಲ್ಲ ಬಲ್ಲೆವು. ಇದು ಎರಡು ಭೂಖಂಡಗಳ ನಡುವಿನ ಬಾಂದುಗಲ್ಲು.

ಹಾಗಾದರೆ ನಮ್ಮ ಕಲ್ಲಿಗೆ ಬೆಂಕಿ ಎಲ್ಲಿಯದು? ಭೂಗರ್ಭದ ಆಳದಲ್ಲಿ ಅಲ್ಲಲ್ಲಿ ಕದಲದೆ ಉರಿಯುವ ಒಲೆಗಳಂಥ ಜಾಗಗಳಿವೆಯೆಂದೂ, ಖಂಡಗಳು ಅವುಗಳ ಮೇಲೆ ನಿಧಾನವಾಗಿ ಸರಿಯುತ್ತವೆಂದೂ ಭೂವಿಜ್ಞಾನಿಗಳು ಹೇಳುತ್ತಾರೆ. ನಮ್ಮ ದಕ್ಖನಿನ ಕಲ್ಲನ್ನು ಕಾಯಿಸಿದ ಒಲೆಯ ಮೇಲೆ ಇಂದು ಇರುವುದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ. ಮಲ್ಪೆಯ ಕಲ್ಲಿನ ಒಲೆಯ ಬಳಿ ಈಗ ತೀರ ದಕ್ಷಿಣದ ಮ್ಯಾರಿಯನ್ ದ್ವೀಪ. ಅಂದಮೇಲೆ ಸಮುದ್ರವನ್ನೇ ಕಾಣದ ಅಥಣಿಯ ಹೊಲಕ್ಕೂ ದ್ವೀಪದ ನಂಟು ಇದೆಯೆಂದಾಯಿತು.

ಕಂಬಗಳು ಹೇಗಾದವು ಎಂಬುದಕ್ಕೆ ಗ್ರಂಥಾಲಯದವರೆಗೆ ಹೋಗಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಎರೆಹೊಲಕ್ಕೆ ಹೋಗಿ ನಿಂತರೆ ಸಾಕು. ನೀರು ಆರಿದಂತೆ ಮಣ್ಣು ಕುಗ್ಗುತ್ತದೆ. ಎಲ್ಲ ಕಡೆಗೂ ಎಳೆತ ಬಿದ್ದು ಬಿರಿಯುತ್ತದೆ. ಬಿರುಕುಗಳು ಒಂದಕ್ಕೊಂದು ಕೂಡಿ ಮೂಲೆಮೂಲೆಯ ಹೆಂಟೆಗಳಾಗುತ್ತವೆ. ಲಾವಾರಸದಲ್ಲಿ ಆರುವುದು ನೀರಲ್ಲ, ಶಾಖ. ಮೇಲ್ಮೈ ತಣ್ಣಗಾಗಿ ಕುಗ್ಗಿ ಬಿರಿಯುತ್ತದೆ. ತಂಪು ಒಳಗಿಳಿದಂತೆ ಬಿರುಕೂ ಅದರ ಹಿಂದೆಯೇ ಇಳಿಯುತ್ತದೆ. ಒಂದೊಂದು ಕೂಡಿನಲ್ಲಿ ಮೂರು ಬಿರುಕುಗಳು ಸರಿಸಮನಾಗಿ ಹಂಚಿಕೊಂಡರೆ ನಡುವೆ ಉಳಿಯುವುದು ಆರು ಮೂಲೆಯ ಕಂಬ. ಎಲ್ಲ ಕಡೆಗೂ ಅಷ್ಟು ನ್ಯಾಯವಾಗಿ ಹಂಚಿಕೆಯಾಗುವುದಿಲ್ಲವಾದ್ದರಿಂದ ಐದು, ಏಳು ಮೂಲೆಯವೂ ಸಿಕ್ಕುತ್ತವೆ.

ಇನ್ನು ಇತಿಹಾಸ. ನಮ್ಮ ದೋಣಿಯವರು ಮಾತಿನಲ್ಲಿ ಜಾಣರು. “ವಾಸ್ಕೋ ಡ ಗಾಮ ಮೊದಲು ಕಾಲಿಟ್ಟದ್ದು ಇಲ್ಲಿಯೇ ಮಾರಾಯ್ರೆ, ಆಮೇಲೆ ಕಲ್ಲಿಕೋಟೆಗೆ ಹೋದದ್ದು” ಎಂದರು. ಎಲ್ಲರೂ ತಲೆದೂಗಿದೆವು. ಇತಿಹಾಸದ ವಿದ್ಯಾರ್ಥಿಗಳಾದ ನಾವು ತಲೆದೂಗಬಾರದಾಗಿತ್ತು.

ಗಾಮನ ಹಡಗುಗಳಲ್ಲಿದ್ದವನೊಬ್ಬನು ಬರೆದಿಟ್ಟ ದಿನಚರಿ ಉಳಿದುಬಂದಿದೆ. ಅದರ ಪ್ರಕಾರ ಅವರು ಕಲ್ಲಿಕೋಟೆಯ ಸಮೀಪಕ್ಕೆ ಬಂದದ್ದು 1498ರ ಮೇ ತಿಂಗಳ 20ರಂದು. ಅಲ್ಲಿ ಮೂರು ತಿಂಗಳಿದ್ದು, ಸಾಮೂತಿರಿಯ ಜೊತೆ ಮನಸ್ತಾಪ ಬೆಳೆಸಿಕೊಂಡು, ಆಗಸ್ಟ್ 29ರಂದು ಹೊರಟರು. ಗಾಳಿ ಅನುಕೂಲವಿಲ್ಲದೆ ದಂಡೆಯನ್ನು ಹಿಡಿದು ಉತ್ತರಕ್ಕೆ ತೆವಳುತ್ತ ಬಂದು, ಸೆಪ್ಟೆಂಬರ್ 15ರಂದು ದಂಡೆಯ ಸಮೀಪದ ಚಿಕ್ಕ ದ್ವೀಪಗಳ ಬಳಿ ನಿಂತು, ಒಂದರ ಮೇಲೆ ಕಲ್ಲಿನ ಕಂಬ ನೆಟ್ಟರು. ನೆಡಬೇಕೆಂದು ಪೋರ್ಚುಗಲ್ಲಿನ ಅರಸನು ಕೊಟ್ಟು ಕಳಿಸಿದ್ದ ಮೂರು ಕಂಬಗಳಲ್ಲಿ ಅದು ಒಂದು. ಅದರ ಹೆಸರು ಸಾಂತಾ ಮಾರಿಯಾ. ಮಲ್ಪೆಯ ದ್ವೀಪಗಳ ಹೆಸರು ಬಂದದ್ದು ಅಲ್ಲಿಂದಲೇ ಎನ್ನುತ್ತಾರೆ. ಎಂದರೆ ಗಾಮನು ಇಲ್ಲಿಗೆ ಬಂದದ್ದು ಬರುವಾಗಲ್ಲ, ಹೋಗುವಾಗ. ಗೆದ್ದವನಂತೆ ಅಲ್ಲ, ಒಲ್ಲದ ಮನೆಯಿಂದ ಎದ್ದು ಹೊರಟ ಬೀಗನಂತೆ. ಆ ಕಂಬವಂತೂ ಈಗ ಅಲ್ಲಿ ಕಾಣುವುದಿಲ್ಲ. ದೇವರು ನಿಲ್ಲಿಸಿದ ಕಂಬಗಳು ಮಾತ್ರ ಇವೆ.

ಅಲ್ಲಿಂದ ಮುಂದೆ ಅವರು ಕಾರವಾರದ ಎದುರಿಗಿರುವ ಅಂಜುದಿವ ದ್ವೀಪಕ್ಕೆ ಹೋಗಿ, ಹಡಗುಗಳನ್ನು ಓರೆಮಾಡಿ ತಳ ಕೆರೆದು ದುರಸ್ತಿ ಮಾಡಿಕೊಂಡರು. ಅಲ್ಲಿ ನಮ್ಮ ಭಾಗಕ್ಕೂ ಸ್ವಲ್ಪ ಸಂಬಂಧಪಟ್ಟ ಪ್ರಸಂಗ ನಡೆಯಿತು. ಗೋವೆಯನ್ನಾಳುತ್ತಿದ್ದ ಬಿಜಾಪುರದ ಯೂಸುಫ ಆದಿಲಖಾನನ ಸೇವೆಯಲ್ಲಿದ್ದ ಯಹೂದಿಯೊಬ್ಬನು ಅತಿಥಿಯಂತೆ ಹಡಗಿಗೆ ಬಂದ. ಪೋರ್ಚುಗೀಜರು ಅವನನ್ನು ಗೂಢಚಾರನೆಂದು ಹಿಡಿದು, ಹೊಡೆದು, ಬಾಯಿ ಬಿಡಿಸಿ, ಕಡೆಗೆ ಸಂಗಡವೇ ಕರೆದೊಯ್ದರು. ಅವನು ಗಾಸ್ಪರ್ ಡ ಗಾಮ ಎಂಬ ಹೆಸರು ಪಡೆದು, 1500ರಲ್ಲಿ ಕಬ್ರಾಲನ ದುಭಾಷಿಯಾಗಿ ಮತ್ತೆ ಹಡಗು ಹತ್ತಿದ.

ಬರುವಾಗ ಆಫ್ರಿಕದಿಂದ ಇಲ್ಲಿಗೆ ಮುಂಗಾರು ಗಾಳಿ 23 ದಿನಗಳಲ್ಲಿ ಅವರನ್ನು ದಾಟಿಸಿತ್ತು. ಹಿಂಗಾರು ಗಾಳಿ ನೆಲೆಗೊಳ್ಳುವ ಮೊದಲೇ, ಅಕ್ಟೋಬರ್ 5ರಂದು, ಅಂಜುದಿವದಿಂದ ಹೊರಟುದರಿಂದ ಅದೇ ಸಮುದ್ರಕ್ಕೆ ಮೂರು ತಿಂಗಳು ಹಿಡಿಯಿತು. ಒಸಡು ಬಾತು ಮೂವತ್ತು ಜನ ಸತ್ತರು. ನಡೆಸುವ ಕೈಗಳಿಲ್ಲದೆ ಒಂದು ಹಡಗನ್ನು ಆಫ್ರಿಕದ ತೀರದಲ್ಲಿ ಸುಟ್ಟರು. ನಮ್ಮ ರೈತರು ಹೇಳುವ ಹದ ಎಂಬುದು ಸಮುದ್ರಕ್ಕೂ ಇದೆ.

ಇಷ್ಟೆಲ್ಲ ಹೇಳಿ ದ್ವೀಪದಲ್ಲಿ ನಡೆದ ಒಂದು ಸಂಗತಿಯನ್ನು ಮುಚ್ಚಿಟ್ಟರೆ ಅಪ್ರಾಮಾಣಿಕನಾದೇನು. ನಮ್ಮೊಡನಿದ್ದ ಗೆಳೆಯನೊಬ್ಬ ಕೃಷ್ಣೆಯ ದಂಡೆಯವ. ಐದು ವರ್ಷದವನಿದ್ದಾಗಿನಿಂದ ಈಜುಗಾರ. ನಾವು ಕಂಬಗಳ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿರುವಾಗ ಅವನು ಪಡುವಣ ಬದಿಯ ಪಾಚಿಗಟ್ಟಿದ ಬಂಡೆಗೆ ಇಳಿದ. “ಸಮುದ್ರ ಅಂದ್ರ ಏನ, ದೊಡ್ಡ ಹೊಳಿ” ಎಂದು ಕೂಗಿದ. ಒಂದು ತೆರೆ ಅವನ ಮೊಣಕಾಲಿನವರೆಗೆ ಬಂತು. ಎರಡನೆಯದು ಅವನನ್ನು ಬಂಡೆಯಿಂದ ಕಿತ್ತು ಕೆಳಗೆ ಎಳೆದುಕೊಂಡಿತು. ಮೂರನೆಯದು ಅದೇ ಬಂಡೆಗೆ ತಂದು ಅಪ್ಪಳಿಸಿತು. ಕಾವಲಿನವರೊಬ್ಬರು ಸೀಟಿ ಊದುತ್ತ ಓಡಿಬಂದು, ಹಗ್ಗ ಎಸೆದು ಅವನನ್ನು ಮೇಲಕ್ಕೆಳೆದುಕೊಂಡರು. ತೊಡೆ ಸೀಳಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ಅರ್ಧ ಗಂಟೆ ಅವನು ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ. ಆಮೇಲೆ ಅವನೇ ಹೇಳಿದ ಮಾತು ಇದು: ಹೊಳೆ ಒಂದೇ ಕಡೆಗೆ ಎಳೆಯುತ್ತದೆ, ಅದರ ಸಂಗಡ ಓರೆಯಾಗಿ ಈಜಿದರೆ ದಂಡೆ ಸಿಕ್ಕುತ್ತದೆ, ಇದು ಎಳೆದದ್ದನ್ನು ತಿರುಗಿ ತಂದು ಕಲ್ಲಿಗೆ ಹೊಡೆಯುತ್ತದೆ, ಈಜು ಕೆಲಸಕ್ಕೆ ಬಾರದು. ಮುಂದೆ ಹೋಗುವ ಮಿತ್ರರು ಇದನ್ನು ಮರೆಯಬಾರದು. ಮಳೆಗಾಲದಲ್ಲಂತೂ, ಜೂನ್ ತಿಂಗಳಿಂದ, ಅಲ್ಲಿಗೆ ದೋಣಿಗಳನ್ನೇ ನಿಲ್ಲಿಸುತ್ತಾರೆ. ನವೆಂಬರದಿಂದ ಫೆಬ್ರುವರಿಯವರೆಗಿನ ಕಾಲವೇ ಉತ್ತಮ.

ಮರಳುವ ಬಸ್ಸಿನಲ್ಲಿ ಎಲ್ಲರೂ ಸಪ್ಪಗಾಗಿದ್ದುದನ್ನು ಕಂಡು ಗುರುಗಳು ಬೇರೆ ಮಾತು ತೆಗೆದರು. “ಗಾಮನ ದಾರಿಯೊಳಗ ದ್ವೀಪ ಇದೊಂದೇ ಅಲ್ರೀ, ಅಂವ ಬಂದದ್ದು ದ್ವೀಪದ ಮ್ಯಾಲ ದ್ವೀಪ ಹಾರಿಕೋತ” ಎಂದರು. ನಿಜವೇ. 1497ರ ಜುಲೈ 8ರಂದು ಲಿಸ್ಬನ್ನಿನಿಂದ ಹೊರಟ ಹಡಗುಗಳು ಒಂದು ವಾರಕ್ಕೆ ಅಟ್ಲಾಂಟಿಕ್ ಸಾಗರದ ಕನೇರಿ ದ್ವೀಪಗಳನ್ನು ಕಂಡವು. ತಿಂಗಳ ಕೊನೆಗೆ ಕೇಪ್ ವರ್ಡೆಯಲ್ಲಿ ನೀರು, ಮಾಂಸ ತುಂಬಿಕೊಂಡವು. ತಿರುಗಿ ಹೋಗುವಾಗ ಗಾಮನ ಅಣ್ಣ ಪೌಲೊ ಬೇನೆಬಿದ್ದ. ಅವನನ್ನು ಎಜೋರ್ಸ್ ದ್ವೀಪಸಮೂಹದ ತೆರ್ಸೈರಾ ಎಂಬ ದ್ವೀಪಕ್ಕೆ ಒಯ್ದರು. 1499ರಲ್ಲಿ ಅಲ್ಲಿಯೇ ಅವನನ್ನು ಮಣ್ಣು ಮಾಡಿದರು. ಮಲ್ಪೆಯಲ್ಲಿ ಕಂಬ ನೆಟ್ಟ ದಂಡಿನ ಹಿರಿಯನೊಬ್ಬನ ಗೋರಿ ಹಾಗೆ ಅಟ್ಲಾಂಟಿಕದ ದ್ವೀಪಕ್ಕೆ ಸಂದಿತು.

ಇಂದು ಈ ದ್ವೀಪಗಳಿಗೆ ಯೂರೋಪಿನ ಜನ ರಜೆ ಕಳೆಯಲು ಮುಗಿಬೀಳುತ್ತಾರೆ. ಕಾರಣ ಹವೆ. ಮಲ್ಪೆ ಇರುವುದು 13ನೆಯ ಅಕ್ಷಾಂಶದಲ್ಲಿ. ಕನೇರಿ 28ರಲ್ಲಿ, ಮದೈರಾ 32-33ರಲ್ಲಿ. ಸುತ್ತಲಿನ ಸಾಗರ ಅಲ್ಲಿ ಬೇಸಿಗೆಯನ್ನು ಹೆಚ್ಚು ಕಾಯಗೊಡುವುದಿಲ್ಲ, ಚಳಿಗಾಲವನ್ನು ಹೆಚ್ಚು ಕೊರೆಯಗೊಡುವುದಿಲ್ಲ. ತಮ್ಮೂರಲ್ಲಿ ಹಿಮ ಬೀಳುವಾಗ ಅವರು ಬಿಸಿಲು ಹುಡುಕಿಕೊಂಡು ಬರುತ್ತಾರೆ. ಬಿಸಿಲಿಗೆ ರೊಕ್ಕ ಕೊಡುವ ಜನ ಇದ್ದಾರೆಂದರೆ ನಮ್ಮ ಕಾಗವಾಡದವರು ನಂಬಲಾರರು! ಕನೇರಿಯ ತೆನೆರೀಫ್ ದ್ವೀಪದಲ್ಲಿ ತೇಯ್ದೆ ಎಂಬ ಜ್ವಾಲಾಮುಖಿ ಪರ್ವತ 3,715 ಮೀಟರು ಎತ್ತರಕ್ಕೆ ನಿಂತಿದೆ. ಮದೈರಾದ ನೆರೆಯ ಪೋರ್ತೊ ಸಾಂತೊ ದ್ವೀಪದಲ್ಲಿ ಒಂಬತ್ತು ಕಿಲೋಮೀಟರಿನ ಹೊಂಬಣ್ಣದ ಮರಳುದಂಡೆ ಇದೆ. ಅಲ್ಲಿಯ ಒಂದು ಗುಡ್ಡದ ಮೇಲೆ ಮಲ್ಪೆಯಂಥವೇ ಕಲ್ಲಿನ ಕಂಬಗಳೂ ಇವೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮದೈರಾದ ಕಬ್ಬು. ಮದೈರಾ ಎಂದರೆ ಪೋರ್ಚುಗೀಜರ ಭಾಷೆಯಲ್ಲಿ ಮರ. 1420ರ ಆಸುಪಾಸಿನಲ್ಲಿ ಅವರು ಅಲ್ಲಿಗೆ ಬಂದಾಗ ದ್ವೀಪವೆಲ್ಲ ಕಾಡು, ಮನುಷ್ಯರಿರಲಿಲ್ಲ. ಕಾಡು ಕಡಿದು ಕಬ್ಬು ಹಚ್ಚಿದರು. ಆ ಕಬ್ಬು ಎಲ್ಲಿಯದು? ನಮ್ಮ ದೇಶದ ಸಕ್ಕರೆಯ ವಿದ್ಯೆ ಪಾರಸಿಗರಿಗೆ ಹೋಗಿ, ಅವರಿಂದ ಅರಬರಿಗೆ, ಅರಬರಿಂದ ಭೂಮಧ್ಯ ಸಮುದ್ರದ ದಂಡೆಗೆ, ಅಲ್ಲಿಂದ ಈ ದ್ವೀಪಕ್ಕೆ ಮುಟ್ಟಿತ್ತು. ಶರ್ಕರಾ ಎಂಬ ನಮ್ಮ ಮಾತೇ ಪಾರಸಿಯ ಶಕರ್, ಅರಬಿಯ ಸುಕ್ಕರ್, ಪೋರ್ಚುಗೀಜರ ಅಸೂಕರ್ ಆಗುತ್ತ ಸಂಗಡವೇ ಹೋಯಿತು. ಆ ಶತಮಾನದ ಕೊನೆಗೆ ಯೂರೋಪಿನ ಶ್ರೀಮಂತರ ಮೇಜಿಗೆ ಸಕ್ಕರೆ ಕಳಿಸುವ ದೊಡ್ಡ ಊರು ಮದೈರಾ. 1478ರಲ್ಲಿ ಅಲ್ಲಿಗೆ ಸಕ್ಕರೆ ಕೊಳ್ಳಲು ಬಂದ ದಲಾಲಿಗಳಲ್ಲಿ ಒಬ್ಬನ ಹೆಸರು ಕೊಲಂಬಸ್. 1493ರಲ್ಲಿ ಅವನೇ ಕನೇರಿ ದ್ವೀಪದಿಂದ ಕಬ್ಬಿನ ಬೀಜ ಒಯ್ದು ಅಮೆರಿಕಕ್ಕೆ ಮುಟ್ಟಿಸಿದ.

ಮಳೆ ಬೀಳುವುದು ಮದೈರಾದ ಉತ್ತರಕ್ಕೆ, ಬಿಸಿಲಿನ ಹೊಲ ದಕ್ಷಿಣಕ್ಕೆ. ಆದ್ದರಿಂದ ಗುಡ್ಡದ ಪಕ್ಕೆಯನ್ನು ಕೊರೆದು ಕಾಲುವೆಗಳನ್ನು ತಂದರು. ಅವಕ್ಕೆ ಲೆವಾದ ಎನ್ನುತ್ತಾರೆ. ಕಡಿದಾದ ಬಂಡೆಗಳ ಮೇಲೆ ಜೀತದ ಆಳುಗಳು, ಕನೇರಿಯಿಂದಲೂ ಆಫ್ರಿಕದಿಂದಲೂ ಹಿಡಿದು ತಂದ ಗುಲಾಮರು ದುಡಿದರು. ಸಕ್ಕರೆಯ ಕೊಪ್ಪರಿಗೆಗಳಿಗೆ ಉರುವಲಾಗಿ ಕಾಡು ಬೆಂದುಹೋಯಿತು. ನಮ್ಮ ಗಾಣಗಳಲ್ಲಿ ಕಬ್ಬಿನ ಸಿಪ್ಪೆಯಿಂದಲೇ ಕಬ್ಬಿನ ಹಾಲು ಕಾಯಿಸುವ ಜಾಣತನ ಅವರಿಗೆ ತೋಚಿದ್ದರೆ ಆ ಮರಗಳಲ್ಲಿ ಎಷ್ಟೋ ಉಳಿಯುತ್ತಿದ್ದವು. ಉತ್ತರದ ಗುಡ್ಡಗಳಲ್ಲಿ ಉಳಿದ ಕಾಡನ್ನು 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದಿನ ಪ್ರವಾಸಿಗಳು ಅದೇ ಕಾಲುವೆಗಳ ಅಂಚಿನಲ್ಲಿ ಮೈಲುಗಟ್ಟಲೆ ನಡೆದು ಕಾಡು ನೋಡುತ್ತಾರೆ. ರಾಯಬಾಗದ ಕಡೆಯ ನಮ್ಮ ಕಾಲುವೆಯ ದಂಡೆಯ ಮೇಲೆ ನಡೆಯಲು ಯಾರಾದರೂ ಹೊರದೇಶದಿಂದ ಬಂದಾರೆಯೇ ಎಂದು ನಾವು ನಕ್ಕೆವು. ನಕ್ಕ ಮೇಲೆ, ಯಾಕೆ ಬರಬಾರದು ಎಂದೂ ಅನಿಸಿತು.

ಕಬ್ಬು ಹೋದ ದಾರಿಯಲ್ಲಿಯೇ ಹಿಂದಿರುಗಿ ಬಂದದ್ದು ತಂಬಾಕು. ಅಮೆರಿಕದ ಗಿಡ, ಪೋರ್ಚುಗೀಜರ ಹಡಗಿನಲ್ಲಿ ನಮ್ಮ ಪಶ್ಚಿಮ ದಂಡೆಗೆ ಇಳಿಯಿತು. 1604ರ ಸುಮಾರಿಗೆ ಅಕಬರನ ದೂತನಾದ ಅಸದ ಬೇಗನು ಅದನ್ನು ಮೊದಲು ಕಂಡದ್ದು ಬಿಜಾಪುರದಲ್ಲಿ. ಇಂಥದನ್ನು ಎಲ್ಲಿಯೂ ಕಂಡಿರಲಿಲ್ಲವೆಂದು ಬೆರಗಾಗಿ, ಚೆಂದದ ಕೊಳವೆಯೊಂದರ ಸಹಿತ ಬಾದಶಹನಿಗೆ ಒಯ್ದುಕೊಟ್ಟನು. ಬಾದಶಹನು ಒಂದೆರಡು ದಮ್ಮು ಎಳೆದನು, ವೈದ್ಯರು ಬೇಡವೆಂದರು. ನಿಪ್ಪಾಣಿಯ ಗೆಳೆಯ ಇದನ್ನು ಕೇಳಿ, “ಹಂಗಾದ್ರ ನಮ್ಮ ಪ್ಯಾಟಿ ನಡಸಿದವರು ಪೋರ್ಚುಗೀಜರು ಅನ್ರಿ” ಎಂದ. ಮೂರು ತಾಸಿನ ಮೇಲೆ ಬಸ್ಸಿನಲ್ಲಿ ಎಲ್ಲರೂ ನಕ್ಕದ್ದು ಅದೇ ಮೊದಲು. ತೊಡೆಗೆ ಪಟ್ಟಿ ಕಟ್ಟಿಕೊಂಡವನೂ ನಕ್ಕ.

ಮನೆಗೆ ಬಂದ ದಿನ ಆಯಿಗೆ ಕಂಬಗಳ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. “ಬಿರತ ಎರಿ ಇದ್ದಂಗ ಐತಲ್ಲೋ” ಎಂದಳು. ನಾನು ಎರಡು ತಿಂಗಳು ಓದಿ ತಿಳಿದದ್ದನ್ನು ಅವಳು ಕುಳಿತಲ್ಲಿಯೇ ಹೇಳಿದ್ದಳೆಂಬುದು ನನಗೆ ಗೊತ್ತಾದದ್ದು ಆಮೇಲೆ. ಗೆಳೆಯನನ್ನು ತೆರೆ ಎಳೆದ ಸುದ್ದಿಯನ್ನು ಹೇಳಬಾರದೆಂದಿದ್ದೆ, ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಹಗ್ಗ ಎಸೆದವರು ಯಾರು, ಅವರ ಹೆಸರೇನು ಎಂದು ಕೇಳಿದಳು. ಹೆಸರು ಕೇಳುವುದನ್ನು ನಾವು ಒಂಬತ್ತೂ ಜನ ಮರೆತಿದ್ದೆವು.

“ಅಲ್ಲಿ ದನಾ ಅದಾವೇನೋ?” ಎಂದು ಆಯಿ ಮತ್ತೆ ಕೇಳಿದಳು.

ಇಲ್ಲವೆಂದೆ.

“ಚಲೋ ಆತು” ಎಂದು ಎದ್ದು ಎಮ್ಮೆಗೆ ನೀರು ತೋರಿಸಲು ಹೋದಳು.